ಗಾಲಿಗೆ ಮುಟ್ಟದ ಎಂಟು ಎಚ್‌ಪಿ

ಬೀದರಿನಲ್ಲಿ ಗಾಡಿಯ ಇಂಜಿನ್ ಬಿಚ್ಚಿ ಕಟ್ಟುವ ಹೆಂಗಸು ನನಗೆ ತಿಳಿದಂತೆ ಒಬ್ಬಳೇ, ಮುಸರ್ರತ. ಅಪ್ಪ ಅಬ್ದುಲ ವಾಹೀದರ ಗ್ಯಾರೇಜನ್ನು ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದಾಳೆ. ಕೆಲಸ ಕೆಟ್ಟರೆ ಗಂಡಸಿನದು ಗ್ರಹಚಾರ, ಇವಳದಾದರೆ ಹೆಂಗಸಿನ ಕೈಗುಣ. ನಮ್ಮೂರ ನ್ಯಾಯವೇ ಹಾಗೆ. ನನಗಂತೂ ಅದು ಎಂದೂ ಸರಿಬಂದಿಲ್ಲ.

ಔರಾದಿಗೆ ಜೀಪು ಓಡಿಸುವ ಸಂತಪುರದ ಅಶ್ವಜಿತನ ಇಂಜಿನ್ ಅವಳೇ ಕಟ್ಟಿಕೊಟ್ಟಳು. ತಿಂಗಳೊಳಗೆ ಅವನು ಮುಖ ಗಂಟು ಹಾಕಿಕೊಂಡು ಬಂದ.

"ಆಪಾ, ಗಾಡಿ ಎಳೀವಲ್ದು. ಭಾಲ್ಕಿ ಗ್ಯಾರೇಜಿನ್ಯಾಗ ಏಜಾಜ ಸೇಟ್ ರೋಲರ್ ಮಷೀನ್ ಮ್ಯಾಲ ಗಾಲಿ ಓಡಿಸಿ ತಾಕತ್ತು ಅಳದ್ರು. ಎಪ್ಪತ್ತೈದು ಎಚ್‌ಪಿ ಇರಬೇಕಾದಲ್ಲಿ ಐವತ್ಮೂರೇ ಬಂತು. ಇಂಜಿನ್ ಕಟ್ಟಿದವರಿಗೆ ಕೆಲಸ ಬರಂಗಿಲ್ಲ ಅಂದ್ರು."

ಏಜಾಜ ಇದನ್ನು ಹತ್ತು ಮಂದಿಯ ಮುಂದೆ ಅಂದಿದ್ದನಂತೆ. ಮುಸರ್ರತಳಿಗೆ ಮೈ ಉರಿಯಿತು. ಈ ಮಾತು ಹಬ್ಬಿದರೆ ನಾಳೆ ಯಾರೂ ಅವಳ ಹತ್ತಿರ ಇಂಜಿನ್ ತರುವುದಿಲ್ಲ.

"ನಡಿ ಭಾಲ್ಕಿಗೆ," ಎಂದಳು.

ಜೀಪನ್ನು ರೋಲರಿಗೆ ಹತ್ತಿಸಿ ಏಜಾಜನಿಗೆ ಹೇಳಿದಳು: "ನಿಮ್ಮ ಮಷೀನ್ ಅಳಿಯೋದು ಗಾಲಿ ತಾಕತ್ತು, ಇಂಜಿನದು ಅಲ್ರಿ. ನಡುವ ಗೇರ್‌ಬಾಕ್ಸ್, ಶಾಫ್ಟ್, ಡಿಫರೆನ್ಷಿಯಲ್ ಎಲ್ಲಾ ತಮ್ಮ ಪಾಲು ತಿಂದೇ ಮುಂದ ಬಿಡ್ತಾವ. ಜೋರು ಓಡಿಸಿ ನ್ಯೂಟ್ರಲ್ ಮಾಡ್ರಿ."

ಇಂಜಿನಿನ ಹಂಗು ತಪ್ಪಿದ ಗಾಲಿ ತುಸು ಹೊತ್ತು ತಾನಾಗಿ ಉರುಳಬೇಕಿತ್ತು. ಕೆಸರಿಗೆ ಬಿದ್ದಂತೆ ನಿಂತುಬಿಟ್ಟಿತು. ಮುಸರ್ರತ ಗಾಡಿಯಡಿ ನುಗ್ಗಿ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಗೇರುಪೆಟ್ಟಿಗೆ ಬಿಚ್ಚಿದಳು. ಒಳಗೆ ಎಣ್ಣೆಯ ಬದಲು ಗ್ರೀಸು, ಅದರೊಳಗೆ ಕಟ್ಟಿಗೆ ಹೊಟ್ಟು!

ಅಶ್ವಜಿತ ತಲೆ ತಗ್ಗಿಸಿದ. "ಹಲಬರ್ಗಾದ ಮದಿವಿಗೆ ಬೀಗರನ್ನ ಕರ್ಕೊಂಡು ಹೋಗೋದಿತ್ತು ಆಪಾ. ಹಿಂದ ಕೊಂಯ್ ಅಂತ ಒದರ್ತಿತ್ತು. ಗ್ರೀಸಿನಾಗ ಹೊಟ್ಟು ಕಲಸಿ ತುಂಬಿದ್ರ ಸುಮ್ಮನಾಗ್ತದ ಅಂತ ಯಾರೋ ಅಂದ್ರು."

"ಅದು ಸುಮ್ಮನಾಯ್ತು. ಮಾನ ನಂದು ಹೋಯ್ತು."

ತೊಳೆದು ಹೊಸ ಎಣ್ಣೆ ಹಾಕಿದ ಮೇಲೆ ರೋಲರ್ ಅರವತ್ತೊಂದು ತೋರಿಸಿತು. ಏಜಾಜ ಸೋಲೊಪ್ಪಲಿಲ್ಲ.

"ಇನ್ನೂ ಹದಿನಾಲ್ಕು ಕಮ್ಮಿ ಅದಲ್ಲ?"

"ಎಪ್ಪತ್ತೈದು ಇಂಜಿನ್ ಲೆಕ್ಕ, ಗಾಲಿದಲ್ರಿ. ಇಂಥಾ ಗಾಡಿ ಹೊಸಾದಿದ್ರೂ ಅಷ್ಟು ಕಮ್ಮಿನೇ ಬರ್ತದ. ಹೊಸಾದೊಂದು ತಂದು ರೋಲರಿಗೆ ಹಾಕ್ರಿ, ನೋಡೋಣು."

ಅವನು ತರಲಿಲ್ಲ. "ಬಿಡ್ರಿ ಆಪಾ, ಚಾ ತರಿಸ್ತೇನಿ," ಎಂದು ನಕ್ಕ.

"ಚಾ ಬ್ಯಾಡ. ಮಷೀನ್ ಕೊಟ್ಟ ಚೀಟಿ ಮ್ಯಾಲ ಬರೀರಿ, ಮುಸರ್ರತ ಕಟ್ಟಿದ ಇಂಜಿನ್ ಸರಿ ಅದ ಅಂತ. ಸಹಿ ಹಾಕ್ರಿ."

ಏಜಾಜ ಮೂಲೆಯಲ್ಲಿ ಸಣ್ಣಗೆ ಗೀಚಿದ. ಅವಳು ಚೀಟಿಯನ್ನು ಮತ್ತೆ ಅವನ ಮುಂದಕ್ಕೆ ತಳ್ಳಿದಳು.

"ಕೆಲಸ ಬರಂಗಿಲ್ಲ ಅಂದಾಗ ದನಿ ದೊಡ್ಡದಿತ್ತಲ್ರಿ? ಅಕ್ಷರನೂ ದೊಡ್ಡದಾಗಿ ಬರೀರಿ."