ಕಾಲುಂಗುರದ ಸಪ್ಪಳ

ಗೆಳತಿಯರೇ, ಓದು ಬಲ್ಲ ಹೆಂಗಸರಿಗೂ ಈ ಚುನಾವಣೆಯಲ್ಲಿ ಮತ ಕೊಟ್ಟಿದ್ದರಿಂದ ನನಗೂ ಮತವಿತ್ತಲ್ಲ, ಇಂದು ಹೊಸಪೇಟೆಯ ಶಾಲೆಯಲ್ಲಿ ಹಾಕಿ ಬಂದೆ. ಪರದೆಯ ಹಿಂದೆ, ಕಲ್ಲುನೆಲದ ಮೇಲೆ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೆಟ್ಟಿಗೆ, ಸಾಲಾಗಿ ಐದು. ನಾವು ಗೇಣಿಗೆ ಮಾಡುವ ಹೊಲದ ಧಣಿಯದು ಹಸಿರು, ಎಲ್ಲಕ್ಕಿಂತ ಮೊದಲನೆಯದು.

ಪರದೆಯ ಹೊರಗೆ ಕುಳಿತ ಧಣಿಯ ಗುಮಾಸ್ತ ಪಿಸುಗುಟ್ಟಿದ: "ಎರಡ ಹೆಜ್ಜಿ ಸಾಕು ತಂಗಿ. ಕಾಲುಂಗುರದ ಸಪ್ಪಳ ಎಣಸ್ತೀನಿ. ಮೂರನೇದು ಕೇಳಿತಂದ್ರ ಹೊಲ ಬಿಡಬೇಕಾಗ್ತದ."

ಗಂಡ ಇರುವಾಗ ಕಾಲುಂಗುರ ತೆಗೆಯುವುದುಂಟೇ? ಐದನೇ ಪೆಟ್ಟಿಗೆಯವರೆಗೂ ನಡೆದೆ, ಮತ್ತೆ ಹಿಂದಕ್ಕೆ ಬಂದೆ.

"ಇಷ್ಟ್ಯಾಕ ತಿರುಗಾಡಿದಿ?" ಎಂದ.

"ಎಲ್ಲಾ ಪೆಟಿಗಿಗೂ ಕೈ ಮುಗದ ಬಂದೇನ್ರಿ."

ಚೀಟಿ ಯಾವುದಕ್ಕೆ ಬಿತ್ತೆಂದು ಇಲ್ಲಿ ಬರೆಯುವುದಿಲ್ಲ. ಗುಮಾಸ್ತನಿಗೂ ಓದು ಬರುತ್ತದೆ.