ತಿಕ್ ಬಣ್ಣದ ಸೀರೆ

ಮೊಮ್ಮಕ್ಕಳೇ, ನನ್ನ ನೇರಳೆಹಣ್ಣಿನ ಬಣ್ಣದ ಸೀರೆ ಕಂಡಾಗಲೆಲ್ಲ ನೀವು ನಗುತ್ತೀರಿ. ಅದು ಹೇಗೆ ಬಂತೆಂದು ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಬರೆಯುವುದಾದರೆ ಬರೆದೇನು.

ತಿಕ್ ಎಂಬ ಇಂಗ್ಲಿಷ್ ಪದವನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ. ನಾರಾಯಣಖೇಡದ ಹತ್ತಿರದ ನಮ್ಮೂರ ಶಾಲೆಯಲ್ಲಿ ಅಷ್ಟು ಇಂಗ್ಲಿಷ್ ಇರಲಿಲ್ಲ. ಮದುವೆಯಾಗಿ ತಾಂಡೂರಿಗೆ ಬಂದ ಮೇಲೆ ಅದು ಕಿವಿಗೆ ಬಿತ್ತು. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಹಾಸುವ ಕಲ್ಲುಬಂಡೆ ಮಾರುತ್ತಿದ್ದರು. ಗಿರಾಕಿಗಳು ಬಂದು, ಅಂಗಳಕ್ಕೆ ತಿಕ್ ಬಂಡೆ ಕೊಡಿ, ಗೋಡೆಗೆ ತೆಳ್ಳನೆಯದು ಸಾಕು ಎನ್ನುತ್ತಿದ್ದರು. ಆಮೇಲೆ ಆ ಪದ ನಮ್ಮ ಅಡುಗೆಮನೆಗೂ ಬಂತು. ತೊಗರಿಬ್ಯಾಳಿ ತಿಕ್ ಇಲ್ಲದಿದ್ದರೆ ಮುತ್ಯಾ ಊಟದ ಗಂಗಾಳ ಮುಂದಕ್ಕೆ ಸರಿಸುತ್ತಿದ್ದರು. ಚಹಾ ತಿಕ್ ಆಗಬೇಕು, ಚಳಿಗಾಲದ ಚಾದರ ತಿಕ್ ಇರಬೇಕು. ನನ್ನ ಮಗ, ಎದುರುಮನೆಯ ಹುಡುಗ ತಿಕ್ ಫ್ರೆಂಡ್ಸ್. ಗಟ್ಟಿ, ದಪ್ಪ, ಮಂದ, ದಟ್ಟ ಎಂದು ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಮಾತಿದೆ. ಈ ಪದ ಮಾತ್ರ ಕರೆದವರ ಮನೆಗೆಲ್ಲ ಹೋಗುತ್ತಿತ್ತು. ನನಗೆ ಅದು ಸೇರಿತು.

ಮುತ್ಯಾ ತೀರಿಕೊಂಡ ಮೇಲೆ ಒಂದು ಕಡೆ ಮಾತ್ರ ಆ ಪದ ನನ್ನದಲ್ಲ ಎಂದಾಯಿತು. ಗಾಢ ಬಣ್ಣದ ಸೀರೆಗೂ ನಮ್ಮಲ್ಲಿ ತಿಕ್ ಕಲರ್ ಎನ್ನುತ್ತಾರಲ್ಲ, ಅದು. ಮುತ್ಯಾನ ಅಕ್ಕ, ಅಂದರೆ ನನ್ನ ನಾದಿನಿ, ನಾರಾಯಣಖೇಡದಿಂದ ಬೂದಿ ಬಣ್ಣದ, ಬಿಸ್ಕೀಟಿನ ಬಣ್ಣದ ಸೀರೆಗಳನ್ನು ತಂದು ನನ್ನ ಟ್ರಂಕಿನಲ್ಲಿಟ್ಟರು. ಅವರೂ ವಿಧವೆ, ಅವರಿಗೂ ಯಾರೋ ಹಾಗೆಯೇ ತಂದು ಕೊಟ್ಟಿದ್ದರು. ನಾನು ಎದುರು ಮಾತಾಡುವವಳಲ್ಲ. ಉಟ್ಟೆ. ವರ್ಷಗಟ್ಟಲೆ ಉಟ್ಟೆ.

ಹೋದ ವರ್ಷ ನಿಮ್ಮ ದೊಡ್ಡಕ್ಕನಿಗೆ ಕುಬಸ ಮಾಡುವುದೆಂದಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಅವಳು ಮೊದಲೇ ಹೇಳಿಬಿಟ್ಟಿದ್ದಳು: "ಆಯಿ, ನೀ ಅಡಗಿಮನ್ಯಾಗ ಅಡಗಿ ಕುಂತಿ ಅಂದ್ರ ನಾ ಎದ್ದು ಬಂದು ಅಲ್ಲೇ ಕುಂಡ್ರತೀನಿ. ನನ್ನ ಬಾಜೂಕ ಕುಂಡ್ರಬೇಕು ನೀ."

ನಾದಿನಿಯನ್ನು ಕರೆತರಲು ನಾನು, ನಿಮ್ಮವ್ವ ನಾರಾಯಣಖೇಡಕ್ಕೆ ಹೋದೆವು. ಬರುವಾಗ ಜಹೀರಾಬಾದಿನಲ್ಲಿ ಬಸ್ಸಿಳಿದು ಸೀರೆ ಅಂಗಡಿ ಹೊಕ್ಕೆವು.

"ಯಾರಿಗಿ ಬೇಕ್ರಿ?" ಅಂಗಡಿಯವ ಕೇಳಿದ.

"ನಮ್ಮ ಅತ್ತಿಯವರಿಗ್ರಿ," ಎಂದಳು ನಿಮ್ಮವ್ವ.

ಅವನು ನನ್ನ ಹಣೆ ನೋಡಿದ. ಬರೀ ವಿಭೂತಿ. ಹರವಿದ್ದ ಸೀರೆಗಳನ್ನೆಲ್ಲ ಬಾಚಿ ಬದಿಗೆ ಸರಿಸಿ, ಬೇರೆ ಗಂಟು ಬಿಚ್ಚಿದ. "ಇವು ನೋಡ್ರಿ, ಲೈಟ್ ಕಲರ್. ನಿಮಗ ಒಪ್ಪತಾವ."

"ಇವೇ ಬರೋಬರ್," ಎಂದರು ನಾದಿನಿ.

ಬದಿಗೆ ಸರಿಸಿದ ರಾಶಿಯಡಿ ನೇರಳೆಹಣ್ಣಿನ ಬಣ್ಣದ ಸೆರಗೊಂದು ಕಾಣುತ್ತಿತ್ತು. ಅದನ್ನು ತೋರಿಸಿ ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಎಂದೆ.

"ಅದು ತಿಕ್ ಕಲರ್ ಅದರಿ ಅಮ್ಮ."

"ಗೊತ್ತದ. ಅದಕ್ಕೇ ಬೇಕು."

ನಾದಿನಿ ನನ್ನ ಮೊಣಕೈ ಹಿಡಿದರು. "ತಲಿ ಕೆಟ್ಟದೇನ ನಿನಗ? ಮಂದಿ ಏನಂದಾರು?"

"ಮಂದಿ ಬಂದು ನನಗ ಸೀರಿ ಉಡಸ್ತಾರೇನ್ರಿ ಅಕ್ಕಾರ?"

"ನನ್ನ ತಮ್ಮ ಮಣ್ಣಾಗ ಮಲಗ್ಯಾನ. ನಿನಗ್ಯಾಕ ಬಣ್ಣ?"

ಆ ಮಾತು ಎದೆಗೆ ನಾಟಿತು. ಅಂಗಡಿಯ ಮಂದಿಯೆಲ್ಲ ನೋಡುತ್ತಿದ್ದರು. ನಾನು ಸೆರಗಿನೊಳಗೆ ಕೈ ಹಾಕಿ ಕೊರಳ ಲಿಂಗವನ್ನು ಹಿಡಿದುಕೊಂಡೆ.

"ಅವರು ಹೋದ ದಿನ ನೀವು ತಾಳಿ ತಗದ್ರಿ, ಬಳಿ ತಗದ್ರಿ. ನಾ ಸುಮ್ಮನಿದ್ದೆ. ಇದನ್ನ ಯಾರೂ ಮುಟ್ಟಲಿಲ್ಲ. ಇದು ತೊಟ್ಟಿಲದಾಗಿಂದ ನನ್ನ ಮೈಮ್ಯಾಲ ಅದ. ಇದನ್ನ ಕಟಗೊಂಡಾಕಿ ಬೂದಿ ಬಣ್ಣನೇ ಉಡಬೇಕಂತ ಯಾರು ಹೇಳ್ಯಾರ? ಅವರನ್ನ ಕರೀರಿ, ನಾ ಕೇಳ್ತೀನಿ."

ನಿಮ್ಮವ್ವ ನಗು ಬಾಯಲ್ಲಿ ತುಂಬಿಕೊಂಡು ಆಚೆ ತಿರುಗಿದಳು. ಅಂಗಡಿಯವ ಸೀರೆ ಮಡಚಿ ಕೊಟ್ಟ. "ಮೊದಲ ಸಲ ಬ್ಯಾರೆ ತೊಳೀರಿ ಅಮ್ಮ. ಬಣ್ಣ ಬಿಡ್ತದ."

ಬಸ್ಸಿನಲ್ಲಿ ನಾದಿನಿ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ತಾಂಡೂರು ಬರುವಾಗ ಒಂದೇ ಮಾತು ಹೇಳಿದರು: "ಕುಬಸದಾಗ ಅದನ್ನ ಉಟ್ಟಿ ಅಂದ್ರ ನಿಮ್ಮನ್ಯಾಗ ನಾ ಉಣ್ಣಾಂಗಿಲ್ಲ."

ಉಟ್ಟೆ. ನೆರಿಗೆಯನ್ನು ಎರಡು ಸಲ ಬಿಚ್ಚಿ ಮತ್ತೆ ಹಿಡಿದೆ. ನಡುಮನೆಗೆ ಬಂದಾಗ ಹೆಂಗಸರೆಲ್ಲ ತಿರುಗಿ ನೋಡಿದರು. ಹಿಂದಿನಿಂದ ಯಾರೋ, "ಕುಬಸ ಯಾರದು, ಮೊಮ್ಮಗಳದೋ ಮುದುಕೀದೋ?" ಎಂದರು. ನಾಲ್ಕಾರು ಮಂದಿ ನಕ್ಕರು. ಅಡುಗೆಮನೆಯ ಬಾಗಿಲು ಪಕ್ಕದಲ್ಲೇ ಇತ್ತು. ನಾನು ಅದನ್ನು ದಾಟಿ ಹೋಗಿ ಜಮಖಾನದ ಮೇಲೆ ನಿಮ್ಮಕ್ಕನ ಬದಿಗೆ ಕೂತೆ. ಅವಳು ಹಸಿರು ಸೆರಗು ಒಡ್ಡಿ, "ಆಯಿ, ಮೊದಲು ನೀ ತುಂಬು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಒಂದೊಂದಾಗಿ ಹಾಕಿದೆ. ಯಾರೂ ಏಳಲಿಲ್ಲ, ಯಾರೂ ತಡೆಯಲಿಲ್ಲ.

ನಾದಿನಿ ಹೇಳಿದಂತೆಯೇ ಮಧ್ಯಾಹ್ನ ಪಂಕ್ತಿಗೆ ಕೂರಲಿಲ್ಲ. ಸಂಜೆ ನಾನೇ ರೊಟ್ಟಿ, ಬ್ಯಾಳಿ ಒಯ್ದು ಮುಂದಿಟ್ಟೆ. ಸೀರೆ ಬದಲಿಸಿರಲಿಲ್ಲ. ಅವರು ಗಂಗಾಳ ನೋಡಿದರು, ನನ್ನನ್ನು ನೋಡಲಿಲ್ಲ. ಉಂಡರು.

ಮರುದಿನ ಸೀರೆಯನ್ನು ಹಿತ್ತಲ ಬಂಡೆಯ ಮೇಲೆ ತೊಳೆದೆ. ಮುತ್ಯಾ ತಾವೇ ಆರಿಸಿ ಹಾಸಿದ ತಿಕ್ ಬಂಡೆ ಅದು. ನೀರೆಲ್ಲ ನೇರಳೆಯಾಗಿ ಹರಿದು ಕಲ್ಲಿನ ಮೇಲೆ ದೊಡ್ಡ ಕಲೆ ಕೂತಿತು. ನಾದಿನಿ ಬಂದು ನೋಡಿ, ತುಟಿ ಬಿಗಿದು, ತಂಬಿಗೆಯಿಂದ ನೀರು ಸುರಿದು ಸುರಿದು ಉಜ್ಜಿದರು.

"ಹೋಗಾಂಗಿಲ್ಲ ಬಿಡ್ರಿ ಅಕ್ಕಾರ," ಎಂದೆ. "ತಿಕ್ ಅದ."

ಸೀರೆಯನ್ನು ಹಿಂಡಿ, ಬೀದಿಯ ಕಡೆಯ ತಂತಿಯ ಮೇಲೆ ಪೂರ್ತಿ ಹರವಿದೆ.