ಲಾರಿಗೆ ಎತ್ತು ಕಟ್ಟಿದ ವರ್ಷ

ನಾನು ಮಾನ್ವಿಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದ ವರ್ಷವೇ ಆ ಲಾರಿಯೂ ಬಂತು. ಮಾನ್ವಿಯ ಎಣ್ಣೆ ಗಿರಣಿಯ ಸಾಹುಕಾರರೊಬ್ಬರು ಓಡಿಸಿ ಓಡಿಸಿ ಸಾಕಾಗಿ ನಮ್ಮವರಿಗೆ ಮಾರಿದ್ದು. ಯುದ್ಧ ಮುಗಿದು ಪೆಟ್ರೋಲ್ ಮತ್ತೆ ಕಣ್ಣಿಗೆ ಬೀಳತೊಡಗಿದ್ದ ಕಾಲ. "ಮಾನ್ವಿಯಿಂದ ಎರಡು ತಂದ್ವಿ. ಎರಡೂ ಮುಂಜಾನಿ ಎಬ್ಬಿಸಿದ್ರ ಏಳಂಗಿಲ್ಲ" ಎಂದು ನಮ್ಮ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನನ್ನ ವಿಷಯದಲ್ಲಿ ಅದು ಸುಳ್ಳಲ್ಲ. ಲಾರಿಯ ವಿಷಯದಲ್ಲಂತೂ ಅಲ್ಲವೇ ಅಲ್ಲ.

ಮನೆಯಲ್ಲಿ ನಾಲ್ಕೇ ಜನ. ಅತ್ತೆ, ನನ್ನ ಗಂಡ, ಹೆಂಡತಿಯನ್ನು ಕಳೆದುಕೊಂಡಿದ್ದ ಭಾವ, ನಾನು. ಅಣ್ಣ ತಮ್ಮ ಇಬ್ಬರೂ ಸೇರಿ ಸುತ್ತಲಿನ ಹಳ್ಳಿಗಳ ಶೇಂಗಾ, ಹತ್ತಿ ತುಂಬಿಕೊಂಡು ರಾಯಚೂರಿಗೆ ಹಾಕುತ್ತಿದ್ದರು. ಲಾರಿ ಕೆಟ್ಟಾಗಲೆಲ್ಲ ಜಗಳ. ಮನೆಯಲ್ಲೇ ಬಿಚ್ಚಿ ಸರಿಮಾಡೋಣ ಎಂದು ಭಾವ. ರಾಯಚೂರಿನ ಮಿಸ್ತ್ರಿಯ ಹತ್ತಿರ ಒಯ್ಯೋಣ ಎಂದು ನನ್ನ ಗಂಡ. ಭಾವ ಬಿಚ್ಚಿ ಜೋಡಿಸಿದಾಗ ಪ್ರತಿ ಸಲವೂ ಒಂದೆರಡು ಸಾಮಾನು ಮಿಕ್ಕುತ್ತಿದ್ದವು. ಅವನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, "ಇವು ಬೇಕಾಗಿದ್ದಿಲ್ಲ, ಸುಮ್ನ ಹಾಕಿದ್ರು" ಎನ್ನುತ್ತಿದ್ದರು. ಇತ್ತ ನನ್ನ ಗಂಡ ರಾಯಚೂರಿಗೆ ಹೋದರೆ, "ಮಿಸ್ತ್ರಿ ಮೂರು ದಿನಾ ತಗೊಂಡ" ಎಂದು ಮೂರನೆಯ ದಿನ ಬರುತ್ತಿದ್ದರು; ಬರುವಾಗ ಬಾಯಲ್ಲಿ ಒಂದು ಹೊಸ ಹಾಡು ಇರುತ್ತಿತ್ತು. ಮಿಸ್ತ್ರಿಗಳು ಹಾಡು ಕಲಿಸುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ರಾಯಚೂರಿನಲ್ಲಿ ಟಾಕೀಸು ಇತ್ತು. ನಾನು ಹುಟ್ಟಿದಾಗಿನಿಂದ ಒಂದೂ ಸಿನಿಮಾ ನೋಡಿರಲಿಲ್ಲ.

ಆ ಸುಗ್ಗಿಯಲ್ಲಿ ಲಾರಿ ಮಸರಕಲ್ಲು ಊರಿನ ಹತ್ತಿರ ಕೆಮ್ಮತೊಡಗಿ, ಹೇಗೋ ಮನೆ ಮುಟ್ಟಿ, ಬೇವಿನ ಮರದ ಕೆಳಗೆ ನಿಂತುಬಿಟ್ಟಿತು.

"ಕಾರ್ಬೊರೇಟರಿನಾಗ ಕಸ ಕೂತದ. ಬಿಚ್ಚಿ ತೊಳದ್ರ ಆತು" ಎಂದರು ಭಾವ.

"ಬ್ಯಾಡಣ್ಣಾ, ರಾಯಚೂರಿಗೆ ಒಯ್ಯೂಣು" ಎಂದರು ನನ್ನ ಗಂಡ.

ರಾಯಚೂರಿನಲ್ಲಿ ನನ್ನ ಅಕ್ಕ ಹೆತ್ತಿದ್ದಳು. ಲಾರಿ ಆ ಕಡೆ ಹೋದಾಗ ಅತ್ತೆ ಸೊಸೆ ಇಬ್ಬರೂ ಕೂಸನ್ನು ನೋಡಿ ಬರುವುದು ಎಂದು ಮೊದಲೇ ಮಾತಾಗಿತ್ತು. ಆದ್ದರಿಂದ ನಾನು ಮನಸ್ಸಿನಲ್ಲೇ ಗಂಡನ ಕಡೆ. ಅತ್ತೆ ಮಾತ್ರ, "ಮನ್ಯಾಗ ಕೈ ಇರೂತನಾ ಮಂದಿ ಕೈಗೆ ಯಾಕ ಕೊಡಬೇಕು?" ಎಂದು ತೀರ್ಪು ಕೊಟ್ಟುಬಿಟ್ಟರು.

ಭಾವ ಹಳೆಯ ಧೋತರ ಹಾಸಿ, ಬಿಚ್ಚಿದ್ದನ್ನೆಲ್ಲ ಅದರ ಮೇಲೆ ಸಾಲಾಗಿ ಇಟ್ಟರು. ಅವರು ಊಟಕ್ಕೆ ಕೂತಾಗ ನಾನು ನೀರು ಚೆಲ್ಲುವ ನೆವದಲ್ಲಿ ಹೊರಗೆ ಹೋದೆ. ಕಡಲೆಕಾಳಿನಷ್ಟು ಸಣ್ಣ ಹಿತ್ತಾಳೆಯ ತಿರುಪೊಂದು ಬಿಸಿಲಿಗೆ ಹೊಳೆಯುತ್ತಿತ್ತು. ನಡುವೆ ಕೂದಲು ಹೋಗುವಷ್ಟು ತೂತು. ಇಷ್ಟು ಸಣ್ಣದು ಹೋದರೆ ಲಾರಿಗೆ ದೊಡ್ಡ ಕೇಡಾಗಲಿಕ್ಕಿಲ್ಲ, ಒಂದಿಷ್ಟು ಮುನಿಸಿಕೊಂಡೀತು ಅಷ್ಟೆ ಎಂದುಕೊಂಡು ಎತ್ತಿ, ಒಳಗೆ ಬಂದು ಇಂಗಿನ ಡಬ್ಬಿಯಲ್ಲಿ ಹಾಕಿದೆ.

ಸಂಜೆಯೊಳಗೆ ಭಾವ ಎಲ್ಲ ಜೋಡಿಸಿದರು. "ಯವ್ವಾ, ಈ ಸಲ ಒಂದೂ ಮಿಕ್ಕಿಲ್ಲ ನೋಡು!" ಎಂದು ಅವರು ಕೂಗಿದ ಖುಷಿಗೆ ನಾನು ಒಲೆಯ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡೆ.

ಲಾರಿ ಮುನಿಸಿಕೊಳ್ಳಲಿಲ್ಲ, ಸತ್ತೇ ಹೋಯಿತು. ಎರಡು ದಿನ ಹ್ಯಾಂಡಲ್ ತಿರುವಿ ತಿರುವಿ ಅಣ್ಣ ತಮ್ಮಂದಿರ ರಟ್ಟೆ ಬಿದ್ದವು. ಪೆಟ್ರೋಲಿನ ನಾತ ಓಣಿ ತುಂಬ ಹರಡಿತೇ ಹೊರತು ಒಂದು ಗುಟುರೂ ಇಲ್ಲ. ಕೊನೆಗೆ ಎರಡು ಜೋಡಿ ಎತ್ತು ಕಟ್ಟಿ ರಾಯಚೂರಿಗೆ ಎಳೆಸುವುದೆಂದಾಯಿತು. ಭಾವ ಸ್ಟೇರಿಂಗ್ ಹಿಡಿದರು, ನನ್ನ ಗಂಡ ಎತ್ತಿನ ಜೊತೆ ನಡೆದರು, ಅತ್ತೆ ನಾನು ಹಿಂದೆ ಹುಲ್ಲಿನ ಮೇಲೆ ಕೂತೆವು. ಇಂಗಿನ ಡಬ್ಬಿಯಲ್ಲಿದ್ದುದು ಈಗ ನನ್ನ ಸೆರಗಿನ ಗಂಟಿನಲ್ಲಿತ್ತು.

ಗಬ್ಬೂರಿನಲ್ಲಿ ಊರಿಗೆ ಊರೇ ಹೊರಗೆ ಬಂತು. "ಏನ್ರೀ, ಲಾರಿಗೆ ಎತ್ತು ಕಟ್ಟೀರಿ, ಎತ್ತಿಗೆ ಪೆಟ್ರೋಲ್ ಕುಡಿಸೀರೇನು?" ಎಂದು ಮುದುಕನೊಬ್ಬ ಕೇಳಿದ. ಎಲ್ಲರೂ ನಕ್ಕರು. ಭಾವ ಮಾತ್ರ ಮುಂದಿನ ಗಾಜನ್ನೇ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿದ್ದುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅಲ್ಲಿಯವರೆಗೂ ನನಗೆ ಇದೆಲ್ಲ ಮೋಜು. ಆ ಕಿವಿ ನೋಡಿದ ಮೇಲೆ ಗಂಟು ಸ್ವಲ್ಪ ಭಾರವಾಯಿತು.

ರಾಯಚೂರಿನ ಮಿಸ್ತ್ರಿ ವಯಸ್ಸಾದ ಸಾಹೇಬರು, ಮೀಸೆಯಿಲ್ಲದ ಬಿಳಿ ಗಡ್ಡ. ಕಾರ್ಬೊರೇಟರ್ ಬಿಚ್ಚಿ ಒಳಗೆ ಬೆರಳಾಡಿಸಿದರು.

"ಜೆಟ್ ಎಲ್ಲದ? ಪೆಟ್ರೋಲ್ ಹಾಯೂ ತೂತಿನ ತಿರುಪು?"

"ಅದು ಮೊದಲs ಇದ್ದಿದ್ದಿಲ್ಲ" ಎಂದರು ಭಾವ.

"ವಾಹ್! ಜೆಟ್ ಇಲ್ದ ಇಷ್ಟು ದಿನಾ ಲಾರಿ ದುವಾದ ಮ್ಯಾಲ ಓಡ್ತಿತ್ತೇನು? ಈಗ ಹೈದರಾಬಾದಿನಿಂದ ತರಸಬೇಕು. ಹದಿನೈದು ದಿನಾ ಆಗ್ತದ."

ನನ್ನ ಗಂಡನ ಮುಖ ಅರಳಿತು. ಭಾವ ಒಂದು ಕಲ್ಲಿನ ಮೇಲೆ ಕೂತು ಕೈ ಒರೆಸಿಕೊಂಡರು. "ನಂದs ತಪ್ಪು. ನಾನs ಎಲ್ಲೋ ಕಳದೀನಿ. ಇನ್ನ ಮ್ಯಾಲ ಈ ಲಾರಿ ಮುಟ್ಟೂದಿಲ್ಲ ಯವ್ವಾ."

ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅಷ್ಟು ಮೆತ್ತಗೆ ಹೇಳಿದ್ದು ತಡೆಯಲಾಗಲಿಲ್ಲ. ಮರೆಯಲ್ಲಿ ಗಂಟು ಬಿಚ್ಚಿ ತಿರುಪನ್ನು ಗಾಲಿಯ ಪಕ್ಕಕ್ಕೆ ಬಿಟ್ಟೆ. ಮಿಸ್ತ್ರಿಯ ಕಣ್ಣು ಹದ್ದಿನದು. ಎತ್ತಿಕೊಂಡರು, ತೂತಿನೊಳಗೆ ನೋಡಿದರು, ಆಮೇಲೆ ಮೂಗಿಗೆ ಹಿಡಿದರು.

"ಇದಕ್ಕ ಇಂಗಿನ ವಾಸನಿ ಬರಾಕತ್ತದ."

ಅತ್ತೆ ತಿರುಗಿ ನನ್ನನ್ನು ನೋಡಿದರು. ನಮ್ಮಲ್ಲಿ ಭಾವನ ಎದುರು ಸೊಸೆ ಬಾಯಿ ಬಿಡುವ ರೂಢಿಯಿಲ್ಲ. ಸೆರಗು ಮುಖದ ಮೇಲೆ ಎಳೆದುಕೊಂಡು ಅತ್ತೆಗೆ ಹೇಳಿದೆ: "ಅತ್ತೀ, ನಾನs ತಗದಿಟ್ಟಿದ್ದೆ. ಇವ್ರು ಪ್ರತಿ ಸಲ ಮೂರು ದಿನಾ ಇಲ್ಲಿ ಟಾಕೀಸು ನೋಡಿ ಬರ್ತಾರ. ನನಗೂ ನೋಡಬೇಕನಸ್ತು."

"ಮೂರು ದಿನಾ?" ಎಂದರು ಮಿಸ್ತ್ರಿ. "ನಾ ಯಾವತ್ತೂ ಮಧ್ಯಾಹ್ನದೊಳಗ ಮುಗಿಸಿ ಕೊಟ್ಟೀನಲ್ಲ!"

ನನ್ನ ಗಂಡನಿಗೆ ಆ ಕ್ಷಣ ಟಯರು ಪರೀಕ್ಷಿಸುವ ತುರ್ತು ಕೆಲಸ ಬಂತು. ಅತ್ತೆ ಮೊದಲು ಮಗನಿಗೆ, ಆಮೇಲೆ ನನಗೆ, ಇಬ್ಬರಿಗೂ ಸರಿಯಾಗಿ ಬೈದರು. ಭಾವ ಮಾತ್ರ ಎದ್ದು ಮಿಸ್ತ್ರಿಯ ಹತ್ತಿರ ಹೋದರು.

"ಹಂಗಾದ್ರ ಉಳಿದದ್ದು? ನಾ ಜೋಡಿಸಿದ್ದು ಸರಿ ಅದ ಏನು?"

ಮಿಸ್ತ್ರಿ ತಿರುಪು ಹಾಕಿ, ಮುಚ್ಚಿ, ಹ್ಯಾಂಡಲನ್ನು ಭಾವನ ಕೈಗೇ ಕೊಟ್ಟರು. ಎರಡೇ ಸುತ್ತು. ಲಾರಿ ಎಂಥ ಗುಡುಗು ಗುಡುಗಿತೆಂದರೆ ನಮ್ಮ ಎತ್ತುಗಳು ಹಗ್ಗ ಹರಿದುಕೊಂಡು ಬೀದಿಗೆ ಓಡಿದವು. ಅವನ್ನು ಹಿಡಿಯಲು ನನ್ನ ಗಂಡ ಓಡಿದರು. ಭಾವ ಹ್ಯಾಂಡಲ್ ಎತ್ತಿ ಹಿಡಿದು, "ನಾ ಜೋಡಿಸಿದ್ದು ಸರಿ ಇತ್ತು! ಕೇಳಿದೇನು ಯವ್ವಾ, ಸರಿ ಇತ್ತು!" ಎಂದು ಕೂಗುತ್ತಿದ್ದರು. ನನ್ನ ಅಪರಾಧ ಆ ಸಂತೋಷದಲ್ಲಿ ಎಲ್ಲೋ ಮುಚ್ಚಿಹೋಯಿತು.

ಕೂಸನ್ನು ನೋಡಿದೆವು. ಮರುದಿನ ಅತ್ತೆಯೇ, "ಅದೇನದು ಟಾಕೀಸು, ನಾನೂ ನೋಡೇಬಿಡ್ತೀನಿ" ಎಂದರು. ಹೆಂಗಸರ ಕಡೆ ಪರದೆ ಕಟ್ಟಿದ್ದರು; ದೀಪ ಆರಿದ ಮೇಲೆ ಸರಿಸಿದರು. ಹಿಂದಿ ಮಾತು ನಮಗೆ ಅರ್ಧ ತಿಳಿಯಲಿಲ್ಲ. ಅತ್ತೆ ಮಾತ್ರ ನಾಯಕಿಯ ಅತ್ತೆ ಬಂದಾಗಲೆಲ್ಲ, "ಆಕಿ ಹೇಳೂದು ಖರೇ ಅದ" ಎನ್ನುತ್ತಿದ್ದರು.

ಊರಿಗೆ ಬಂದು ವಾರವಾಗಿರಬಹುದು. ಭಾವ ಮತ್ತೆ ಬೇವಿನ ಕೆಳಗೆ ಧೋತರ ಹಾಸಿ ಪ್ಲಗ್ಗು ಬಿಚ್ಚುತ್ತಿದ್ದರು. ಅತ್ತೆ ನನ್ನನ್ನು ಕರೆದು, "ತಗಿಯೂದು ಬಂತು, ಹಾಕೂದೂ ಕಲತುಕೋ, ಹೋಗು" ಎಂದು ಹೊರಗೆ ಅಟ್ಟಿದರು. ಭಾವ ನನ್ನತ್ತ ನೋಡಲಿಲ್ಲ. ಲಾರಿಯ ಮೂತಿಯನ್ನು ನೋಡುತ್ತ, ಲಾರಿಗೇ ಹೇಳಿದರು: "ಇದನ್ನ ಸೀಮೆಎಣ್ಣಿಯಾಗ ತೊಳೀಬೇಕು. ಎಡಕ್ಕ ತಿರುವಿದ್ರ ಬಿಚ್ಚತದ, ಬಲಕ್ಕ ತಿರುವಿದ್ರ ಬಿಗಿ." ನಾನು ತೊಳೆದೆ. ತೊಳೆದು, ಸೆರಗಿನೊಳಗಿಂದ ಲಾರಿಗೇ ಕೇಳಿದೆ: "ಎಷ್ಟು ಬಿಗಿ ಮಾಡಬೇಕು?"

"ಕೈ ಸಾಕು ಅಂದಾಗ ಸಾಕು" ಎಂದರು ಅವರು, ಲಾರಿಗೆ.